ಕಳ್ಳನ ಕೂಸಿಗೆ ಕೌದಿ

"ಗುರುಗಳೇ, ಬಾಡಿಗೆಗೆ ಮನೆ ಕೇಳಿ ಬಂದವನ ಹಳೆಯ ಬಾಕಿ, ಹಳೆಯ ಮನೆ ಎಲ್ಲವನ್ನೂ ಮಾಲೀಕರು ಏಕೆ ಕೆದಕುತ್ತಾರೆ? ಎದುರಿಗೆ ನಿಂತವನ ಮುಖ ಸಾಲದೇ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಬೇರೊಂದು ಮಠ ಬಿಟ್ಟು ಇಲ್ಲಿಗೆ ಬಂದವನು. ಅಲ್ಲಿನ ಗುರು ಬೈಯದ ದಿನವಿರಲಿಲ್ಲ. ತನ್ನನ್ನು ಕಂಡರೆ ಅವರಿಗೆ ಆಗದು ಎಂದೇ ನಂಬಿ ಹೊರಟುಬಂದಿದ್ದ.

ಗುರುಗಳು ನಕ್ಕು ಹೇಳತೊಡಗಿದರು:

ಒಬ್ಬ ವರ್ತಕನಿಗೆ ಒಂದು ಬಾಡಿಗೆ ಮನೆಯಿತ್ತು. ಎಷ್ಟು ದೊಡ್ಡದೆಂದರೆ, ಅಡುಗೆಮನೆಯಿಂದ ಹೊತ್ತ ಬಿಸಿ ಅನ್ನ ಜಗಲಿ ಮುಟ್ಟುವಷ್ಟರಲ್ಲಿ ತಂಗಳಾಗುತ್ತಿತ್ತು. ಸುಳ್ಳಲ್ಲ, ಆ ಅನ್ನವನ್ನು ನಾನೇ ಉಂಡಿದ್ದೇನೆ. ಮೊದಲು ಅಲ್ಲಿದ್ದವನನ್ನು ವರ್ತಕ ಮುಖ ನೋಡಿಯೇ ನಂಬಿದ್ದ. ಅವನೋ, ಒಂದು ಕಾಸು ಕೊಡದೆ, ಬಾಗಿಲುಗಳನ್ನೆಲ್ಲ ಒಲೆಗೆ ಹಾಕಿ, ಕೊನೆಗೆ ಹೊಸ್ತಿಲನ್ನೂ ಉರಿಸಿ ಪಾಯಸ ಮಾಡಿ ಉಂಡು ಹೋದ.

ವರ್ತಕ ಹೊಸ ಬಾಗಿಲು ಹಾಕಿಸಿದ ಮೇಲೆ ಒಬ್ಬ ನೇಕಾರ ಮನೆ ಕೇಳಿ ಬಂದ. ಅವನ ಹೆಂಡತಿಗೆ ದಿನ ತುಂಬಿತ್ತು. ಅವರಿದ್ದದ್ದು ಒಂದೇ ಕೋಣೆಯಲ್ಲಿ; ಮಗ್ಗ ಇಟ್ಟರೆ ತೊಟ್ಟಿಲು ಕಟ್ಟಲು ಜಾಗವಿಲ್ಲ. ವರ್ತಕ "ನೋಡಿ ಹೇಳುತ್ತೇನೆ" ಎಂದವನು ನೇಕಾರನಿಗೆ ಆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮುದುಕಿಯ ಬಳಿಗೆ ಹೋದ. ಅವಳು ಬಾಗಿಲಲ್ಲಿ ಕೂತು ಹಳೆಯ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು.

"ಅವನಿಗೆ ಮನೆ ಕೊಡಬೇಡಿ ಸೆಟ್ಟರೇ, ಕೊಟ್ಟು ಕೆಟ್ಟೀರಿ. ಹಗಲೆಲ್ಲ ಮಗ್ಗದ ಲಟಪಟ. ಹಾಡಲು ಬಾಯಿ ತೆಗೆದನೆಂದರೆ ಕಾಗೆಯೂ ಊರು ಬಿಡುತ್ತದೆ. ಶುದ್ಧ ಕಳ್ಳ!"

"ಬಾಡಿಗೆ ಬಾಕಿ ಇಟ್ಟಿದ್ದಾನೆಯೇ?"

"ಹಾಳಾದವನು, ಅದೊಂದು ಮಾತ್ರ ಇಟ್ಟಿಲ್ಲ" ಎಂದು ಮುದುಕಿ ಗೊಣಗಿದಳು.

"ಈ ಪುಟ್ಟ ಕೌದಿ ಯಾರಿಗಜ್ಜೀ?"

"ಆ ಕಳ್ಳನ ಕೂಸಿಗೆ, ಇನ್ನಾರಿಗೆ!" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ವರ್ತಕ ನೇರವಾಗಿ ಹೋಗಿ ನೇಕಾರನ ಕೈಗೆ ಬೀಗದ ಕೈ ಇಟ್ಟ. "ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಕರೆ ಆ ಅಜ್ಜಿಗಿರಲಿ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನೆಲ ನೋಡುತ್ತಾ, "ಬೈಯುವವರೆಲ್ಲ ಹಾಗೆ ಕೌದಿ ಹೊಲಿಯುತ್ತಿರುತ್ತಾರೆಯೇ ಗುರುಗಳೇ?" ಎಂದ.

"ನೀನು ಈ ಬಾಗಿಲಿಗೆ ಬಂದ ಮರುದಿನವೇ ನಿನ್ನ ಹಳೆಯ ಗುರುಗಳನ್ನು ಕಂಡುಬಂದೆ ಮಗು, ಅಬ್ಬಬ್ಬಾ, ಕಣ್ಣೊರೆಸಿಕೊಳ್ಳುತ್ತಾ ಅವರು ನಿನ್ನನ್ನು ಬೈದದ್ದೇ ಬೈದದ್ದು!"