ತುಕ್ಕು ಹಿಡಿದಿಟ್ಟ ಬಟ್ಟೆ

ನದಿ ಕಡಲು ಸೇರುವ ಕಡೆ ಒಂದು ಉತ್ಖನನದ ಬಿಡಾರವಿತ್ತು. ಹಳೆಯ ಬಂದರೊಂದು ಮಣ್ಣಿನಡಿ ಇದೆಯೆಂದು ಮಾಬ್ಲ ಮಾಸ್ತರು ನಾಲ್ಕು ವರ್ಷದಿಂದ ಅಲ್ಲಿ ಅಗೆಸುತ್ತಿದ್ದರು.

ಬಿಡಾರ ಆಶ್ರಮಕ್ಕೇನೂ ಕಡಿಮೆಯಿರಲಿಲ್ಲ. ಹೊತ್ತು ಹುಟ್ಟುವ ಮೊದಲೇ ಏಳಬೇಕು, ಗಂಜಿ ಉಣ್ಣಬೇಕು, ಗುರು ಬಾಯಿ ಬಿಡುವವರೆಗೆ ಕಾಯಬೇಕು. ಶಿಷ್ಯ ಬೀರಣ್ಣ ಕಾಯುವುದರಲ್ಲಿ ಅಷ್ಟೇನೂ ಗಟ್ಟಿಗನಲ್ಲ.

ಆ ವಾರ ಒಂದು ಗೋರಿಯಲ್ಲಿ ಕಬ್ಬಿಣದ ಕವಚ ಸಿಕ್ಕಿತು. ಸಣ್ಣ ಸಣ್ಣ ಉಂಗುರಗಳನ್ನು ಒಂದರೊಳಗೊಂದು ಹೆಣೆದು ಮಾಡಿದ ಅಂಗಿ. ಈಗ ಅದೊಂದು ತುಕ್ಕಿನ ಮುದ್ದೆ.

"ರೋಮಿನ ಸಿಪಾಯಿದು," ಎಂದರು ಮಾಸ್ತರು. "ಹಡಗು ಕಾಯೋಕೆ ಬಂದವ. ವಾಪಸ್ ಹೋಗ್ಲಿಲ್ಲ."

ಮರುದಿನ ಬೆಳಗ್ಗೆ ಅವರು ಆಚೆ ದಡದ ಪೇಟೆಗೆ ಹೊರಟರು. ದೋಣಿ ಹತ್ತುವ ಮೊದಲು ಹೇಳಿದರು: "ನಾ ಬರೋವರೆಗೆ ತುಕ್ಕು ಮುಟ್ಬೇಡ."

"ಯಾಕೆ ಮಾಸ್ತರೇ? ತುಕ್ಕೇ ಅಲ್ವಾ?"

"ಅದರ ಕೈಯಲ್ಲಿ ಇನ್ನೂ ಏನೋ ಇದೆ."

ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಗುರುಗಳ ಈ ಚಾಳಿ ಹೊಸದೇನಲ್ಲ.

ಬೀರಣ್ಣನಿಗೆ ಬೇರೆಯೇ ಚಿಂತೆ ಕೊರೆಯುತ್ತಿತ್ತು. ಮಾರನೇ ದಿನ ಮೇಲಧಿಕಾರಿಗಳು ಬರುವವರಿದ್ದರು. ಹೋದ ಸಲ ಬಂದಾಗ, "ಬರೀ ಮಡಕೆ ಚೂರು, ಬರೀ ತುಕ್ಕು. ಇನ್ನು ಮುಚ್ಚಿಬಿಡಿ" ಎಂದು ಮಾಸ್ತರ ಮುಖದ ಮೇಲೇ ಅಂದಿದ್ದರು.

ಕವಚ ಕವಚದ ಹಾಗೆ ಕಂಡರೆ ಅಗೆತ ಉಳಿಯುತ್ತದೆ. ಮಾಸ್ತರ ನಾಲ್ಕು ವರ್ಷದ ದುಡಿಮೆ ಉಳಿಯುತ್ತದೆ.

ಅವನು ತಂತಿ ಬ್ರಶ್ ಎತ್ತಿಕೊಂಡ.

ಎಡಭುಜದಿಂದ ಶುರು ಮಾಡಿದ. ತುಕ್ಕು ಪುಡಿಯಾಗಿ ಉದುರಿತು. ಕಪ್ಪು ಉಂಗುರಗಳು ಸಾಲಾಗಿ ಕಾಣಿಸಿಕೊಂಡವು. ಖುಷಿಗೆ ಕೈ ಜೋರಾಯಿತು. ಅರ್ಧ ಎದೆಯವರೆಗೆ ಬಂದಾಗ ಒಂದು ಚಕ್ಕೆ ಎದ್ದು ಅಂಗೈಗೆ ಬಂತು.

ಅದರ ಮೇಲೆ ನೇಯ್ಗೆ ಇತ್ತು.

ಹಾಸು, ಹೊಕ್ಕು, ಒಂದೊಂದು ಎಳೆಯೂ. ಸಿಪಾಯಿ ಕವಚದ ಮೇಲೆ ಹೊದ್ದಿದ್ದ ಉಣ್ಣೆಯ ಬಟ್ಟೆ ಯಾವತ್ತೋ ಕೊಳೆತುಹೋಗಿತ್ತು. ಹೋಗುವ ಮುಂಚೆ ತುಕ್ಕು ಅದರ ಅಚ್ಚನ್ನು ಹಿಡಿದಿಟ್ಟುಕೊಂಡಿತ್ತು. ಕವಚಗಳು ಹೊರದೇಶಗಳಲ್ಲಿ ಸಿಕ್ಕಿವೆ, ಸಿಪಾಯಿಗಳು ಹೊದ್ದ ಬಟ್ಟೆ ಸಿಗುವುದು ತೀರಾ ಅಪರೂಪ ಎಂದು ಮಾಸ್ತರು ಎಷ್ಟೋ ಸಲ ಹೇಳಿದ್ದರು.

ಬೀರಣ್ಣ ಎಡಭುಜದ ಕಡೆ ತಿರುಗಿ ನೋಡಿದ. ಉಜ್ಜಿದ ಕಡೆ ಈಗ ಬರೀ ಉಂಗುರ. ಬಟ್ಟೆ ಅವನ ಕಾಲ ಬಳಿ ಕೆಂಪು ಪುಡಿಯಾಗಿ ಬಿದ್ದಿತ್ತು.

ತಲೆ ಎತ್ತಿದ. ಮಾಸ್ತರ ದೋಣಿ ಆಚೆ ದಡ ಬಿಟ್ಟಿತ್ತು.

ಉಳಿದರ್ಧವನ್ನೂ ಉಜ್ಜಿಬಿಟ್ಟರೆ? ಬಟ್ಟೆ ಇತ್ತೆಂದು ಯಾರಿಗೂ ತಿಳಿಯುವುದಿಲ್ಲ. ಮಾತು ಕೇಳಲಿಲ್ಲವೆಂದು ಒಂದಿಷ್ಟು ಬೈಗುಳ ತಿಂದರಾಯಿತು. ನಾಳೆ ಮೇಜಿನ ಮೇಲೆ ಇಡೀ ಕವಚ ಇರುತ್ತದೆ.

ದೋಣಿ ನಡುನೀರಿಗೆ ಬಂತು. ಮಾಸ್ತರ ಬಿಳಿ ಟೋಪಿ ಕಾಣತೊಡಗಿತು.

ಅವನು ಬ್ರಶ್ಶನ್ನು ಬಲಭುಜಕ್ಕೆ ತಂದ. ಬಗ್ಗಿ ನೋಡಿದರೆ ಅಲ್ಲಿಯ ತುಕ್ಕಿನಲ್ಲೂ ಅಚ್ಚಿತ್ತು; ಅಲ್ಲಿ ಬಟ್ಟೆ ಹರಿದಿತ್ತು. ಹರಿದದ್ದನ್ನು ಯಾರೋ ಹೊಲಿದಿದ್ದರು. ಹೊಲಿಗೆ ಸೊಟ್ಟಗಿತ್ತು. ಒಂದು ಕಡೆ ಸೂಜಿ ತಪ್ಪಿ, ಅಲ್ಲೇ ಎರಡೆರಡು ಸಲ ಚುಚ್ಚಿದ್ದರು. ದರ್ಜಿಯ ಕೈಯಂತೂ ಅಲ್ಲ. ಸಿಪಾಯಿಯೇ ಹಡಗಿನಲ್ಲಿ ಕೂತು ಹೊಲಿದುಕೊಂಡಿರಬೇಕು.

ಬೀರಣ್ಣನಿಗೆ ಅಳು ಬಂತು. ಬ್ರಶ್ ಕೆಳಗಿಟ್ಟ.

ಮಾಸ್ತರು ದಡ ಹತ್ತಿ ಬರುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.

"ಮುಟ್ಟಿದೆ ಮಾಸ್ತರೇ. ಬಟ್ಟೆ ಇತ್ತು. ಅರ್ಧ ಉಜ್ಜಿ ಹಾಕಿದೆ."

ಮಾಸ್ತರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಉಳಿದಿದ್ದನ್ನೂ ಉಜ್ಜಬೇಕು ಅಂತಿದ್ದೆ. ನಿಮಗೆ ಗೊತ್ತಾಗಬಾರದು ಅಂತ."

ಅವರು ಕವಚದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಕೆಂಪು ಪುಡಿಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ಬೈದಿದ್ದರೆ ಎಷ್ಟೋ ಮೇಲಿತ್ತು ಎನಿಸಿತು ಬೀರಣ್ಣನಿಗೆ.

"ಹಾಳೆ ತಾ," ಎಂದರು ಕೊನೆಗೆ. "ಪೆನ್ಸಿಲೂ ತಾ."

ಹೊತ್ತು ಇಳಿಯುವವರೆಗೆ ಕೂತು ಕವಚದ ಚಿತ್ರ ಬರೆದರು. ಬಲಗಡೆ ನೇಯ್ಗೆ, ಹರುಕು, ಸೊಟ್ಟ ಹೊಲಿಗೆ ಎಲ್ಲವೂ ಬಂತು. ಎಡಗಡೆ ಖಾಲಿ ಬಿಟ್ಟು, ಹಾಳೆಯನ್ನು ಶಿಷ್ಯನ ಕಡೆ ಸರಿಸಿದರು.

"ನಾಳೆ ಬರೋರಿಗೆ ಏನು ತೋರಿಸೋದು ಮಾಸ್ತರೇ?"

"ಇದನ್ನೇ."

"ಅರ್ಧ ಹಾಳು ಮಾಡಿದ್ದನ್ನ ನೋಡಿದ್ರೆ ಅಗೆತ ಮುಚ್ಚಿಸ್ತಾರೆ."

"ಮುಚ್ಚಿಸಬಹುದು."

ಬೀರಣ್ಣ ಪೆನ್ಸಿಲು ಹಿಡಿದು ಖಾಲಿ ಜಾಗವನ್ನು ನೋಡುತ್ತ ಕೂತ.

"ಇಲ್ಲಿ ಏನಂತ ಬರೀಲಿ? ಏನಿತ್ತು ಅಂತ ನಂಗೂ ಗೊತ್ತಿಲ್ಲ."

"ಗೊತ್ತಿರೋದನ್ನ ಬರಿ ತಮ್ಮಾ," ಎಂದರು ಮಾಸ್ತರು. "ಉಜ್ಜಿದವನ ಹೆಸರು ಬರಿ. ಅದಕ್ಕೂ ಮೇಲೆ, ಯಾಕೆ ಉಜ್ಜಬಾರದು ಅಂತ ಹೇಳದೇ ದೋಣಿ ಹತ್ತಿದವನ ಹೆಸರು ಬರಿ."