ಬೆಲ್ಲವ್ವನ ಏಳು ಬಾಗಿನ ಪೈಪು

ಹೂಂಗುಟ್ಟಿ ಮಕ್ಕಳೇ. ಹೂಂ ಅನ್ನದಿದ್ದರೆ ಈ ಕಾರು ಮುಂದೆ ಹೋಗುವುದಿಲ್ಲ.

ಹುಣಸಿಹಾಳದಲ್ಲಿ ಒಂದು ಹಳೇ ಕಾರು. ಬೆಲ್ಲದ ಬಣ್ಣ. ಹೆಸರು ಬೆಲ್ಲವ್ವ. ಓಡಿಸುವವಳು ಫಕೀರವ್ವ ಅಜ್ಜಿ. ರಿಪೇರಿ ಮಾಡುವವಳೂ ಅವಳೇ. ಊರೆಲ್ಲ ಅವಳನ್ನು ಆಯಿ ಅಂತಾರೆ.

ಆಸ್ಪತ್ರೆಯಲ್ಲಿ ಕೂಸು ಹುಟ್ಟಿತೋ, ಅದು ಮನೆಗೆ ಬರುವುದು ಬೆಲ್ಲವ್ವನಲ್ಲೇ. ಊರಿನ ಪದ್ಧತಿ ಅದು. ಇವತ್ತು ಬರುವುದು ಯಾರ ಕೂಸು? ಆಯಿಯ ಸ್ವಂತ ಮರಿಮಗಳು! ದೀಪ ಹಚ್ಚುವುದರೊಳಗೆ ಮನೆಗೆ ಬರಬೇಕು.

ಆಯಿ ಕೀಲಿ ತಿರುವಿದಳು. ಬುರ್ ಇಲ್ಲ. ಬರ್ ಇಲ್ಲ. ಬಗ್ಗಿ ನೋಡಿದಳು. ತೊಟ್ಟು, ತೊಟ್ಟು, ತೊಟ್ಟು. ಪೆಟ್ರೋಲು ಮಣ್ಣುಪಾಲು! ಹಿಂದಿನ ಟಾಕಿಯಿಂದ ಮುಂದಿನ ಇಂಜಿನ್ನಿಗೆ ಪೆಟ್ರೋಲು ಒಯ್ಯುವ ಕಬ್ಬಿಣದ ಪೈಪನ್ನು ತುಕ್ಕು ತಿಂದಿತ್ತು. ಆಯಿ ಅಡಿಯಲ್ಲಿ ಡಬ್ಬಿ ಇಟ್ಟಳು.

"ಹೊಸಾ ಪೈಪು ಹಾಕ ಆಯಿ," ಅಂತು ಬೆಲ್ಲವ್ವ. "ಹಾಕಿದ್ರ ಹೊಂಡತೀನಿ."

ಆಯಿ ಓಡಿದಳು. ತಾಮ್ರದ ಕೆಲಸದ ದಾವಲಸಾಬನ ಹತ್ತಿರ ಓಡಿದಳು.

"ದಾವಲಸಾಬ, ದಾವಲಸಾಬ, ಪೈಪು ಕೊಡು. ಪೈಪು ಬೆಲ್ಲವ್ವಗ. ಬೆಲ್ಲವ್ವ ಕೂಸಿಗೆ. ಕೂಸು ಮನೀಗೆ!"

ದಾವಲಸಾಬ ತಾಮ್ರದ ಪೈಪು ಕೊಟ್ಟ. ಕೋಲಿನ ಹಾಗೆ ನೆಟ್ಟಗಿತ್ತು. ಬೆಲ್ಲವ್ವನ ಪೈಪಿಗೋ ಏಳು ಬಾಗು! ಆಯಿಗೆ ಅವಸರ. ಕಬ್ಬು ಮುರಿದಂತೆ ಮೊಳಕಾಲ ಮೇಲಿಟ್ಟು ಒತ್ತಿದಳು. ಚಪ್! ಪೈಪು ಚಪ್ಪಟೆ. ಇರುವೆ ಕೂಡ ತೂರಲಾರದು.

"ಅವಸರ ಮಾಡಿದ್ರ ಆಗತೈತೇನ ಆಯಿ?" ಅಂದ ದಾವಲಸಾಬ. "ಇನ್ನೊಂದ ಪೈಪು ಐತಿ. ಅದೊಂದ ಉಳದೈತಿ ಮತ್ತ! ಬಗ್ಗಿಸಬೇಕಂದ್ರ ಮೊದಲ ಕಾಸಬೇಕು. ಕೆಂಡ ತಾ, ಪೈಪು ಕೊಡತೀನಿ."

ಆಯಿ ಓಡಿದಳು. ಇಸ್ತ್ರಿ ಅಂಗಡಿಯ ತಾಯವ್ವನ ಹತ್ತಿರ ಓಡಿದಳು.

"ತಾಯವ್ವ, ತಾಯವ್ವ, ಕೆಂಡ ಕೊಡು. ಕೆಂಡ ದಾವಲಸಾಬಗ. ಪೈಪು ಬೆಲ್ಲವ್ವಗ. ಬೆಲ್ಲವ್ವ ಕೂಸಿಗೆ. ಕೂಸು ಮನೀಗೆ!"

"ಎಲ್ಲೀ ಕೆಂಡ ಆಯಿ? ಬರೇ ಬೂದಿ ಐತಿ. ಸುಡಾಕ ತೆಂಗಿನ ಚಿಪ್ಪು, ಪರಟಿ ತಾ, ಕೆಂಡ ಕೊಡತೀನಿ."

ಆಯಿ ಓಡಿದಳು. ಮಿರ್ಚಿ ಭಜಿ ಅಂಗಡಿಯ ಯಮನೂರಪ್ಪನ ಹತ್ತಿರ ಓಡಿದಳು.

"ಯಮನೂರಪ್ಪ, ಯಮನೂರಪ್ಪ, ಪರಟಿ ಕೊಡು. ಪರಟಿ ತಾಯವ್ವಗ. ಕೆಂಡ ದಾವಲಸಾಬಗ. ಪೈಪು ಬೆಲ್ಲವ್ವಗ. ಬೆಲ್ಲವ್ವ ಕೂಸಿಗೆ. ಕೂಸು ಮನೀಗೆ!"

"ಪರಟಿ ರಾಶಿ ಬಿದ್ದಾವು. ಕಡಾಯಿ ಮಾತ್ರ ಒಣಗೇತಿ. ಎಣ್ಣಿ ತಾ, ಪರಟಿ ಕೊಡತೀನಿ."

ಆಯಿ ಓಡಿದಳು. ಉಸ್ಸಪ್ಪಾ ಅಂತ ಓಡಿದಳು. ಗಾಣದ ಗುರಸಿದ್ದಪ್ಪನ ಹತ್ತಿರ ಓಡಿದಳು.

"ಗುರಸಿದ್ದಪ್ಪ, ಗುರಸಿದ್ದಪ್ಪ, ಎಣ್ಣಿ ಕೊಡು. ಎಣ್ಣಿ ಯಮನೂರಪ್ಪಗ. ಪರಟಿ ತಾಯವ್ವಗ. ಕೆಂಡ ದಾವಲಸಾಬಗ. ಪೈಪು ಬೆಲ್ಲವ್ವಗ. ಬೆಲ್ಲವ್ವ ಕೂಸಿಗೆ. ಕೂಸು ಮನೀಗೆ!"

"ಎಣ್ಣಿ ಎಲ್ಲಿಂದ ತರಲಿ? ಮುಂಜಾನಿಂದ ಎತ್ತು ಹೆಜ್ಜಿ ಎತ್ತಿಲ್ಲ. ಅದನ್ನ ನಡಸು, ಎಣ್ಣಿ ಕೊಡತೀನಿ."

ಆಯಿ ಎತ್ತಿನ ಮುಂದೆ ನಿಂತಳು.

"ಎತ್ತಪ್ಪ, ಎತ್ತಪ್ಪ, ನಡಿಯಪ್ಪ. ನೀ ನಡದ್ರ ಎಣ್ಣಿ. ಎಣ್ಣಿ ಯಮನೂರಪ್ಪಗ. ಪರಟಿ ತಾಯವ್ವಗ. ಕೆಂಡ ದಾವಲಸಾಬಗ. ಪೈಪು ಬೆಲ್ಲವ್ವಗ. ಬೆಲ್ಲವ್ವ ಕೂಸಿಗೆ. ಕೂಸು ಮನೀಗೆ!"

ಎತ್ತು ಬಾಲ ಬೀಸಿತು. "ದಿನಾ ಮುಂಜಾನೆ ಬೆಲ್ಲವ್ವ ಪೋಂ ಪೋಂ ಅಂತ ಹೋಗತಾಳ. ಅದನ್ನ ಕೇಳೇ ನಾ ಹೆಜ್ಜಿ ಎತ್ತೂದು. ಇವತ್ತ ಪೋಂ ಇಲ್ಲ. ಹೆಜ್ಜೀನೂ ಇಲ್ಲ."

ಅಯ್ಯೋ! ಎತ್ತಿಗೆ ಪೋಂ ಬೇಕು. ಪೋಂ ಅನ್ನಲು ಬೆಲ್ಲವ್ವ ಬೇಕು. ಬೆಲ್ಲವ್ವನಿಗೆ ಪೈಪು ಬೇಕು. ಪೈಪಿಗೆ ಕೆಂಡ. ಕೆಂಡಕ್ಕೆ ಪರಟಿ. ಪರಟಿಗೆ ಎಣ್ಣೆ. ಎಣ್ಣೆಗೆ ಎತ್ತು. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂತು!

ಹೊತ್ತು ಇಳಿಯುತ್ತಿತ್ತು. ಆಯಿ ಕಟ್ಟೆಯ ಮೇಲೆ ಕುಸಿದು ಕೂತಳು. ಕಣ್ಣು ತುಂಬಿ ಬಂತು. ಊರ ಕೂಸುಗಳನ್ನೆಲ್ಲ ಮನೆಗೆ ತಂದವಳು. ತನ್ನ ಕೂಸನ್ನೇ ತರಲಾಗದೇ?

ಆಮೇಲೆ ಹಣೆ ಬಡಿದುಕೊಂಡಳು. ಬಡಿದುಕೊಂಡು ನಕ್ಕಳು.

"ಪೋಂ ಅನ್ನಾಕ ಪೆಟ್ರೋಲು ಯಾಕ ಬೇಕ? ಅದು ರಬ್ಬರ್ ಗುಂಡಿನ ಹಾರನ್ನು! ಕೈಲೆ ಹಿಚುಕಿದ್ರ ಸಾಕು!"

ಓಡಿದಳು. ಹಾರನ್ನು ಬಿಚ್ಚಿದಳು. ತಂದಳು. ಹಿಚುಕಿದಳು.

ಪೋಂ! ಪೋಂ!

ಎತ್ತು ನಡೆಯಿತು. ಗಾಣ ತಿರುಗಿತು. ಗುರಸಿದ್ದಪ್ಪ ಎಣ್ಣೆ ಕೊಟ್ಟ. ಎಣ್ಣೆ ಯಮನೂರಪ್ಪನಿಗೆ. ಯಮನೂರಪ್ಪ ಪರಟಿ ಕೊಟ್ಟ. ಪರಟಿ ತಾಯವ್ವನಿಗೆ. ತಾಯವ್ವ ಕೆಂಡ ಕೊಟ್ಟಳು. ಕೆಂಡ ದಾವಲಸಾಬನಿಗೆ.

ದಾವಲಸಾಬ ಪೈಪನ್ನು ಕೆಂಪಗೆ ಕಾಸಿದ. ನೀರಿಗೆ ಅದ್ದಿದ. ಚುಂಯ್! ಒಳಗೆ ಮರಳು ತುಂಬಿದ. ಚಪ್ಪಟೆ ಆಗಬಾರದಲ್ಲ! ಮೆಲ್ಲಗೆ ಬಗ್ಗಿಸಿದ. ಒಂದು ಬಾಗು. ಎರಡು ಬಾಗು. ಮೂರು, ನಾಲ್ಕು, ಐದು, ಆರು, ಏಳು ಬಾಗು! ಮರಳು ಹೊರಗೆ ಸುರಿದ. ಉಫ್ ಅಂತ ಊದಿದ. ಪೈಪು ಕೊಟ್ಟ.

ಆಯಿ ಸೆರಗು ಬಿಗಿದು ಕಾರಿನ ಅಡಿಗೆ ನುಗ್ಗಿದಳು. ತುಕ್ಕಿನ ಪೈಪು ಹೊರಗೆ. ತಾಮ್ರದ ಪೈಪು ಒಳಗೆ. ಡಬ್ಬಿಯ ಪೆಟ್ರೋಲು ಟಾಕಿಗೆ. ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ.

ಕೀಲಿ ತಿರುವಿದಳು. ಬುರ್! ಬುರ್ರ್! ಬುರ್ರ್ರ್ರ್! ಬೆಲ್ಲವ್ವ ಆಸ್ಪತ್ರೆಯ ದಾರಿ ಹಿಡಿಯಿತು.

ದೀಪ ಹಚ್ಚುವ ಹೊತ್ತಿಗೆ ಊರಿಗೆ ಊರೇ ಬೀದಿಯಲ್ಲಿ ನಿಂತಿತ್ತು. "ಬಂತು! ಬಂತು! ಬೆಲ್ಲವ್ವ ಬಂತು!" ಕಾರಿನ ಬಾಗಿಲು ತೆರೆಯಿತು. ಅಮ್ಮನ ಮಡಿಲಲ್ಲಿ ಪುಟ್ಟ ಕೂಸು. ಆಯಿಗೆ ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡಳು. ಕೈ ತುಂಬ ಕಾರಿನ ಮಸಿ! ಕೂಸಿನ ಗಲ್ಲಕ್ಕೆ ದುಂಡಗೆ ಕಪ್ಪು ಹತ್ತಿತು.

"ಅಯ್ಯ, ಆಯಿ!" ಅಂದರು ಎಲ್ಲರೂ.

"ಇರಲಿ ಬಿಡ್ರೀ," ಅಂದಳು ಆಯಿ. "ದೃಷ್ಟಿಬೊಟ್ಟು!"

ಕೂಸು ಮನೆಗೆ. ನೀವು ಹಾಸಿಗೆಗೆ.