ನವರಂಗಕ್ಕೆ ಹರಡಿದ ತರಗೆಲೆ

ಹೊಳೆದಂಡೆಯ ಕಾಡಿನಲ್ಲಿ ಬೋಳಯ್ಯನವರ ಮಠ. ಮಠ ಅಂದರೆ ಏನು ಮಹಾ, ಒಂದು ಗುಡಿಸಲು, ಒಂದು ಜಗಲಿ, ಇದ್ದೊಬ್ಬ ಶಿಷ್ಯ ಚಾಮಯ್ಯ.

ಗುರುಗಳು ಹಾಸಿಗೆ ಹಿಡಿದಿದ್ದರು. ಆದರೂ ಮಳೆ ನಿಂತು ಚಳಿ ಶುರುವಾದ ಮೇಲೆ ಸಂಜೆ ಸಂಜೆ ಜಗಲಿಗೆ ಬಂದು ಕೂರುತ್ತಿದ್ದರು. ಎದುರಿನ ಪೊದೆಯಡಿಗೆ ನವರಂಗ ಹಕ್ಕಿ ಬರುವ ಕಾಲ ಅದು.

"ಈ ಸಲ ಒಮ್ಮೆ ಅದರ ಸಿಳ್ಳೆ ಕೇಳಿಬಿಟ್ಟರೆ ಸಾಕಪ್ಪ," ಅಂದರು.

ಚಾಮಯ್ಯ ಗುರುಗಳ ಮುಖ ನೋಡಿದ. ಮುಂದಿನ ಚಳಿಗೆ ಗುರುಗಳು ಇರುವುದಿಲ್ಲವೇ?

ಅವನು ಪೊರಕೆ ಹಿಡಿದ. ನೆಂಟರು ಬರುವಾಗ ಗುಡಿಸದೆ ಇರುವುದುಂಟೇ! ಪೊದೆಯಡಿಯ ತರಗೆಲೆಯನ್ನೆಲ್ಲ ಬಳಿದು ಗೊಬ್ಬರದ ಗುಂಡಿಗೆ ಸುರಿದ. ನೀರು ಚಿಮುಕಿಸಿದ. ರಂಗೋಲಿ ಒಂದು ಬಾಕಿ.

ಹಕ್ಕಿ ಬಂತು. ಬೋಳು ನೆಲದ ಮೇಲೆ ಕುಪ್ಪಳಿಸಿ, ಅತ್ತ ಇತ್ತ ನೋಡಿ, ಸಿಳ್ಳೆ ಹಾಕದೆ ಹಾರಿಹೋಯಿತು. ಮರುದಿನ ಬರಲೇ ಇಲ್ಲ.

"ಬುದ್ಧೀ, ಅಷ್ಟು ಚೊಕ್ಕ ಮಾಡಿದ್ದೆನಲ್ಲಾ!"

ಗುರುಗಳು ಅವನ ಹೆಗಲು ಹಿಡಿದು ಜಗಲಿ ಇಳಿದರು. ಪೊರಕೆ ಮುಟ್ಟದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಒದ್ದೆ ಎಲೆ ಮಗುಚಿದರು.

ಕೆಳಗೆ ಎರೆಹುಳು, ಗೆದ್ದಲು, ಸಾಸಿವೆಯಷ್ಟು ಬಸವನಹುಳು.

"ಅಯ್ಯೋ, ಇದರಡಿ ಒಂದು ಊರೇ ಇದೆಯಲ್ಲ!" ಚಾಮಯ್ಯ ಬಾಯಿ ಬಿಟ್ಟು ನೋಡಿದ.

"ನೀನು ಗುಡಿಸಿದ್ದು ಹಕ್ಕಿಯ ಊಟ ಕಣಪ್ಪ."

ಚಾಮಯ್ಯನಿಗೆ ಅಳು ಬಂತು. ಗುಂಡಿಗಿಳಿದು ಬುಟ್ಟಿ ಬುಟ್ಟಿ ಎಲೆ ಹೊತ್ತು ತಂದು ಹರಡಿದ. ಆಮೇಲೆ ಎಷ್ಟೋ ಸಂಜೆ ಇಬ್ಬರೂ ಕಾದರು. ಗುರುಗಳ ಉಸಿರು ದಿನದಿನಕ್ಕೂ ಸಣ್ಣದಾಗುತ್ತಿತ್ತು.

ಒಂದು ಸಂಜೆ ತರಗೆಲೆ ಸರಕ್ಕೆಂದಿತು. ಹಸಿರು ಬೆನ್ನು, ರೆಕ್ಕೆಯಲ್ಲಿ ಆಕಾಶದ ನೀಲಿ, ಮೋಟು ಬಾಲದಡಿ ಕುಂಕುಮದ ಕೆಂಪು. ಹಕ್ಕಿ ಕೊಕ್ಕಿನಿಂದ ಎಲೆ ಎತ್ತಿ ಪಕ್ಕಕ್ಕಿಟ್ಟು ಹುಳು ನುಂಗಿತು. ಕತ್ತೆತ್ತಿ ಸಿಳ್ಳೆ ಹಾಕಿತು. ಕಾಡೆಲ್ಲ ಕೇಳಿತು.

ಚಾಮಯ್ಯನ ಕೈ ತಾನಾಗಿ ಮುಗಿದುಕೊಂಡಿತು.

"ಎಲ್ಲಿಂದ ಬರುತ್ತೆ ಬುದ್ಧೀ?"

"ಹಿಮಾಲಯದ ತಪ್ಪಲಿಂದ. ಕತ್ತಲಲ್ಲಿ ಹಾರುತ್ತಾ ಬರುತ್ತೆ."

"ಇಷ್ಟು ಪುಟ್ಟದಾ! ಅಷ್ಟು ದೂರದಿಂದ, ಈ ಎಲೆ ಮಗುಚೋಕಾ!"

ಗುರುಗಳು ಕಣ್ಣು ಮುಚ್ಚಿ ಇನ್ನೊಂದು ಸಿಳ್ಳೆ ಕೇಳಿದರು. ಮುಖದಲ್ಲಿ ನಗು ಇತ್ತು.

"ಚಾಮಯ್ಯ, ನಾಳೆ ನಾನು ಹೋದ ಮೇಲೆ ನನ್ನ ಗದ್ದುಗೆ ಕಟ್ಟುತ್ತೀಯಲ್ಲ, ಅದರ ಮೇಲೆ ಬಿದ್ದ ಎಲೆ ಗುಡಿಸಬೇಡ."